ಸ್ಲೈಡರ್‌ಗೆ ಮೋಟರ್ ಕೂರಿಸಿ ಟೈಮ್‌ಲ್ಯಾಪ್ಸ್ ತೆಗೆದ ಬಗೆ

ಬಿಟ್ಟು ಬಿಟ್ಟು ತೆಗೆದ ಫೋಟೊಗಳನ್ನು ಸಾಲಾಗಿ ಓಡಿಸಿ ಮಾಡುವ ವಿಡಿಯೊ ಟೈಮ್‌ಲ್ಯಾಪ್ಸ್; ಕ್ಯಾಮೆರಾವನ್ನು ಹಳಿಯ ಮೇಲೆ ಸರಿಸುವ ಸಾಧನ ಸ್ಲೈಡರ್. ಟೈಮ್‌ಲ್ಯಾಪ್ಸ್‌ನಲ್ಲಿ ಕ್ಯಾಮೆರಾ ಸುಮ್ನೆ ಸರಿದರೆ ಸಾಲದು. ಸರಿದಿದ್ದು ನೋಡುವವರಿಗೆ ಕಾಣಬೇಕು. ಅದಕ್ಕೆ ಲೆನ್ಸ್‌ಗೆ ಹತ್ತಿರದಲ್ಲಿ ಏನಾದರೂ ಇರಲೇಬೇಕು. ಚಾಮುಂಡಿ ಬೆಟ್ಟದ ಮೇಲಿಂದ ಬರೀ ಊರನ್ನು ಹಿಡಿದರೆ, ಸ್ಲೈಡರ್ ಮುಕ್ಕಾಲು ಮೀಟರ್ ಓಡಿದರೂ ಅರಮನೆ ಇದ್ದಲ್ಲೇ ಇರುತ್ತದೆ. ಅದು ಅಷ್ಟು ದೂರ. ಎರಡಡಿ ಮುಂದೆ ಒಂದು ಬಂಡೆಯ ಅಂಚು ಬಂದರೆ ಸಾಕು, ಇಡೀ ಮೈಸೂರು ಅದರ ಹಿಂದಿನಿಂದ ಮೆಲ್ಲಗೆ ಹೊರಗೆ ಬರುತ್ತದೆ. ಹಾಗಾಗಿ ನಾನು ಮೊದಲು ಹುಡುಕುವುದು ನೋಟವನ್ನಲ್ಲ, ಬಂಡೆಯನ್ನು.

ನನ್ನ ಸ್ಲೈಡರ್ ಮನೆಯಲ್ಲೇ ಜೋಡಿಸಿದ್ದು. ಅಲ್ಯೂಮಿನಿಯಂ ಹಳಿ, ಅದರ ಮೇಲೆ ಗಾಲಿಗಳ ಗಾಡಿ, ಒಂದು ತುದಿಗೆ ನೆಮಾ 17 ಅಳತೆಯ ಸ್ಟೆಪರ್ ಮೋಟರ್ (ಹೆಜ್ಜೆ ಹೆಜ್ಜೆಯಾಗಿ ತಿರುಗುವಂಥದ್ದು), ಜಿಟಿ2 ಎಂಬ ಹಲ್ಲಿನ ಬೆಲ್ಟ್, ತಲೆಯಾಗಿ ಆರ್ಡುಯಿನೋ ನ್ಯಾನೋ ಎಂಬ ಪುಟ್ಟ ಕಂಟ್ರೋಲರ್ ಬೋರ್ಡ್. ಗಾಡಿ ಓಡುವ ಜಾಗ 80 ಸೆಂಟಿಮೀಟರ್. ಕ್ಯಾಮೆರಾದ ರಿಮೋಟ್ ಸಾಕೆಟ್‌ಗೆ ಆಪ್ಟೋಕಪ್ಲರ್ (ಬೆಳಕಿನ ಮೂಲಕ ಸಂಕೇತ ದಾಟಿಸುವ ಬಿಡಿಭಾಗ) ಮೂಲಕ ವೈರ್ ಎಳೆದಿದ್ದೇನೆ. ಮೋಟರ್ ಕಡೆಯ ಕರೆಂಟ್ ಕ್ಯಾಮೆರಾ ಮುಟ್ಟಬಾರದು, ಅದಕ್ಕೆ.

ಲೆಕ್ಕ ನನಗೆ ತುಂಬಾ ಇಷ್ಟ. ಮೋಟರ್ ಒಂದು ಸುತ್ತಿಗೆ 200 ಹೆಜ್ಜೆ ಇಡುತ್ತದೆ. ಮೋಟರ್‌ಗೆ ಕರೆಂಟ್ ಹಂಚುವ ಡ್ರೈವರ್ ಚಿಪ್ ಪ್ರತಿ ಹೆಜ್ಜೆಯನ್ನು 16 ಪಾಲು ಮಾಡಿದರೆ 3,200. ಬೆಲ್ಟಿನ ಹಲ್ಲುಗಳ ಅಂತರ 2 ಮಿಲಿಮೀಟರ್, ಪುಲ್ಲಿಗೆ 20 ಹಲ್ಲು, ಅಂದರೆ ಸುತ್ತಿಗೆ 40 ಮಿಲಿಮೀಟರ್. ಒಂದು ಮಿಲಿಮೀಟರ್‌ಗೆ 80 ಪುಟ್ಟ ಹೆಜ್ಜೆ.

ಇನ್ನು ಹಿಂದಿನಿಂದ ಮುಂದಕ್ಕೆ ಬನ್ನಿ. 10 ಸೆಕೆಂಡಿನ ತುಣುಕು ಬೇಕು, ಸೆಕೆಂಡಿಗೆ 25 ಫ್ರೇಮ್. ಒಟ್ಟು 250 ಫೋಟೊ. 6 ಸೆಕೆಂಡಿಗೆ ಒಂದರಂತೆ ತೆಗೆದರೆ 25 ನಿಮಿಷ. 800 ಮಿಲಿಮೀಟರ್ ಹಳಿಯನ್ನು ಸಮವಾಗಿ ಹಂಚಿದರೆ ಫೋಟೊಗೆ 3.2 ಮಿಲಿಮೀಟರ್. ಆದರೆ ಗಾಡಿ ಗಕ್ಕನೆ ಹೊರಟು ಗಕ್ಕನೆ ನಿಂತರೆ ಕಣ್ಣಿಗೆ ಚುಚ್ಚುತ್ತದೆ. ಮೊದಲ 50 ಫ್ರೇಮ್‌ನಲ್ಲಿ ನಿಧಾನಕ್ಕೆ ವೇಗ ಏರಿಸಿ, ಕೊನೆಯ 50ರಲ್ಲಿ ಹಾಗೇ ಇಳಿಸುತ್ತೇನೆ. ಆಗ ನಡುವಿನ ಫ್ರೇಮ್‌ಗಳಿಗೆ 4 ಮಿಲಿಮೀಟರ್ ಬರುತ್ತದೆ.

ಫೋಟೊ ತೆಗೆಯುವಾಗ ಗಾಡಿ ಓಡುತ್ತಿರಬಾರದು. ಗಾಡಿ ಸರಿಯಲಿ, ನಿಲ್ಲಲಿ, ಒಂದು ಸೆಕೆಂಡ್ ಅಲುಗಾಟ ತಣಿಯಲಿ, ಆಮೇಲೆ ಕ್ಲಿಕ್. ಶಟರ್ ಜಾಸ್ತಿ ಹೊತ್ತು ತೆರೆದಿರುವ ಮುಸ್ಸಂಜೆಯಲ್ಲಿ ಇದನ್ನು ಬಿಡುವಂತೆಯೇ ಇಲ್ಲ. ನಿಂತಾಗಲೂ ನಾನು ಮೋಟರ್‌ಗೆ ಕರೆಂಟ್ ಕಡಿಯುವುದಿಲ್ಲ. ಬ್ಯಾಟರಿ ಬೇಗ ಖಾಲಿಯಾಗುತ್ತದೆ ನಿಜ. ಆದರೆ ಹಳಿ ಇಳಿಜಾರಾಗಿದ್ದರೆ ಕ್ಯಾಮೆರಾ ಸಮೇತ ಗಾಡಿ ಜಾರುತ್ತದೆ. ಬೆಲ್ಟ್‌ಗೆ ತಾನಾಗಿ ಹಿಡಿದು ನಿಲ್ಲುವ ಶಕ್ತಿ ಇಲ್ಲ.

ಮಂಡ್ಯದ ಕಡೆ ಕಬ್ಬು ಸೂಲಂಗಿ ಬಿಟ್ಟಾಗ ಗದ್ದೆ ಬದುವಿನಲ್ಲಿ ನಿಲ್ಲುವುದು ನನಗೆ ಬಲು ಆಸೆ. ಆದರೆ ಗಾಳಿಗೆ ಗರಿಗಳು ಒಂದೊಂದು ಫ್ರೇಮ್‌ನಲ್ಲಿ ಒಂದೊಂದು ಕಡೆ ಇರುತ್ತವೆ, ಆಡಿಸಿ ನೋಡಿದರೆ ಪಟಪಟ ಅನ್ನಿಸುತ್ತದೆ. ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಹಾಕಿ ಶಟರನ್ನು ಅರ್ಧ ಸೆಕೆಂಡ್, ಒಂದು ಸೆಕೆಂಡಿಗೆ ಇಳಿಸಿದರೆ ಅದೇ ಗರಿಗಳು ನಯವಾಗಿ ಬೆರೆಯುತ್ತವೆ. ಮೇಲುಕೋಟೆಯ ರಾಯಗೋಪುರದ ಕಂಬಗಳ ಹತ್ತಿರ ಈ ತೊಂದರೆಯೇ ಇಲ್ಲ. ಕಲ್ಲು ಅಲುಗುವುದಿಲ್ಲ, ಹಿಂದೆ ಮೋಡ ಓಡುತ್ತದೆ. ಸಾಗುವ ಶಾಟ್‌ಗೆ ಇದಕ್ಕಿಂತ ಒಳ್ಳೆಯ ಜಾಗ ಈ ಸೀಮೆಯಲ್ಲಿ ನಾನು ಕಂಡಿಲ್ಲ. ಮುಳುಗುವ ಸೂರ್ಯ ಫ್ರೇಮ್‌ನಲ್ಲಿದ್ದರೆ ಮಾತ್ರ ಜಾಗ ಬಿಟ್ಟು ಕಟ್ಟಿಕೊಳ್ಳಿ. ಅವನು ಗಂಟೆಗೆ 15 ಡಿಗ್ರಿ ಸರಿಯುತ್ತಾನೆ, 25 ನಿಮಿಷಕ್ಕೆ ಆರು ಡಿಗ್ರಿ ದಾಟುತ್ತಾನೆ.

ಭಾನುವಾರ ಸಂಜೆ ಅರಮನೆಯ ಸುಮಾರು ಒಂದು ಲಕ್ಷ ಬಲ್ಬು ಒಟ್ಟಿಗೆ ಹೊತ್ತಿಕೊಳ್ಳುತ್ತವೆ. ಕ್ಯಾಮೆರಾ ಆಟೋದಲ್ಲಿದ್ದರೆ ಆ ಗಳಿಗೆಯಲ್ಲಿ ಆಕಾಶ ಧಡಕ್ಕನೆ ಕಪ್ಪಾಗುತ್ತದೆ. ಮ್ಯಾನುಯಲ್‌ಗೆ ಹಾಕಿ, ದೀಪಕ್ಕೆ ಹೊಂದುವಂತೆ ಮೊದಲೇ ಸ್ವಲ್ಪ ಕತ್ತಲಾಗಿ ಇಟ್ಟುಕೊಳ್ಳಿ.

ವಿಡಿಯೊಗೆ ಬಂದರೆ ನಿಂತು ಸಾಗುವ ಮಾತಿಲ್ಲ, ಗಾಡಿ ಒಂದೇ ಸಮನೆ ಓಡಬೇಕು. ಮೋಟರ್ ಓಡಿಸಲೆಂದೇ ಸಿದ್ಧವಾಗಿ ಸಿಗುವ ಆಕ್ಸೆಲ್‌ಸ್ಟೆಪರ್ ಎಂಬ ಕೋಡ್ ಲೈಬ್ರರಿಯಿಂದ 16 ಮೆಗಾಹರ್ಟ್ಸ್ ಆರ್ಡುಯಿನೋ ಸೆಕೆಂಡಿಗೆ ಸುಮಾರು 4,000 ಪುಟ್ಟ ಹೆಜ್ಜೆ ಕೊಡುತ್ತದೆ. ಅಂದರೆ ಸೆಕೆಂಡಿಗೆ 5 ಸೆಂಟಿಮೀಟರ್. ವೀಣೆ ನುಡಿಸುವವರ ಬೆರಳಿನ ಉದ್ದಕ್ಕೂ ಸಾಗಲು ಅದು ಧಾರಾಳ. ಅಲ್ಲಿ ತೊಡಕು ಸದ್ದಿನದು. ಎ4988 ಡ್ರೈವರ್‌ನಲ್ಲಿ ಮೋಟರ್ ಕೀರಲು ದನಿ ಮಾಡಿ ಮೈಕ್‌ಗೆ ಬೀಳುತ್ತದೆ. ಅದನ್ನು ಕಿತ್ತು ಸದ್ದಿಲ್ಲದ ಟಿಎಂಸಿ2208 ಡ್ರೈವರ್ ಕೂರಿಸಿದ ಮೇಲೆ ತಂತಿಯ ಸದ್ದು ಮಾತ್ರ ರೆಕಾರ್ಡ್ ಆಗುತ್ತಿದೆ.