ಫುಟ್‌ಪಾತ್ ಕೇಳುವ ಮುಂಚೆ ಟೇಪ್ ಹಿಡಿಯಿರಿ

ನಮ್ಮ ವಿಜಯಪುರದಲ್ಲಿ ಏರು-ಇಳಿತ ಕಡಿಮೆ, ಸೈಕಲ್‌ಗೆ ಹೇಳಿ ಮಾಡಿಸಿದ ಊರು. ಆದರೂ ನನ್ನ ರಿಪೇರಿ ಅಂಗಡಿಗೆ ಬರುವ ಶಾಲೆ ಮಕ್ಕಳ ಸೈಕಲ್‌ಗಳಲ್ಲಿ ಮುಂದಿನ ರಿಮ್ ಸೊಟ್ಟಗಾದವೇ ಜಾಸ್ತಿ. ಕಾರಣ ಗಟಾರದ ಜಾಲರಿ. ಅದರ ಸರಳುಗಳು ರಸ್ತೆಯ ಉದ್ದಕ್ಕೆ ಇದ್ದರೆ ಸಣ್ಣ ಟೈರು ನೇರ ಒಳಗೆ ಇಳಿಯುತ್ತದೆ, ಮಗು ಮುಂದಕ್ಕೆ ಬೀಳುತ್ತದೆ. ಅದೇ ಜಾಲರಿಯನ್ನು ತಿರುಗಿಸಿ ಸರಳು ಅಡ್ಡ ಬರುವಂತೆ ಕೂರಿಸಿದರೆ ಟೈರು ಮೇಲೆಯೇ ದಾಟಿ ಹೋಗುತ್ತದೆ. ಇಂಥ ಕೆಲಸಕ್ಕೆ ದೊಡ್ಡ ಯೋಜನೆ ಬೇಕಿಲ್ಲ, ಸರಿಯಾಗಿ ಕೇಳುವವರು ಬೇಕು.

ಹಾಗಾಗಿ ಇಡೀ ಊರಿಗೆ ಫುಟ್‌ಪಾತ್ ಕೇಳಬೇಡಿ. ನಿಮ್ಮ ಓಣಿಯಿಂದ ಶಾಲೆವರೆಗಿನ ಒಂದೇ ರಸ್ತೆ ಹಿಡಿಯಿರಿ. ಅದು ಪಾಲಿಕೆಯದೋ, ಲೋಕೋಪಯೋಗಿ ಇಲಾಖೆಯದೋ ಮೊದಲು ವಿಚಾರಿಸಿ. ಇಲ್ಲದಿದ್ದರೆ ಅರ್ಜಿ ಕಚೇರಿಯಿಂದ ಕಚೇರಿಗೆ ಸುಮ್ನೆ ಅಲೆಯುತ್ತದೆ.

ಆಮೇಲೆ ಅಳೆಯಿರಿ. ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಪಾದಚಾರಿ ಮಾರ್ಗಸೂಚಿ ಐಆರ್‌ಸಿ 103 ಪ್ರಕಾರ ನಡೆಯಲು ಕನಿಷ್ಠ 1.8 ಮೀಟರ್, ಅಂದರೆ ಸುಮಾರು ಆರು ಅಡಿ, ಖಾಲಿ ಜಾಗ ಬೇಕು. ರಸ್ತೆಯಿಂದ ಫುಟ್‌ಪಾತ್ ಎತ್ತರ 150 ಮಿಲಿಮೀಟರ್ ದಾಟಬಾರದು. ಕಂಬ, ಟ್ರಾನ್ಸ್‌ಫಾರ್ಮರ್ ಇರುವಲ್ಲಿ ಉಳಿದ ಜಾಗವನ್ನಷ್ಟೇ ಲೆಕ್ಕಕ್ಕೆ ಹಿಡಿಯಿರಿ. ಟೇಪ್ ಕಾಣುವಂತೆ ಫೋಟೊ ತೆಗೆಯಿರಿ. ಶಾಲೆ ಶುರುವಾಗುವ ಮತ್ತು ಬಿಡುವ ಹೊತ್ತಿಗೆ ನಿಂತು, ನಡೆಯುವವರನ್ನೂ ಸೈಕಲ್‌ನವರನ್ನೂ ಬೇರೆಬೇರೆ ಎಣಿಸಿ.

ಅರ್ಜಿ ಒಂದೇ ಪುಟ ಇರಲಿ. ಪಾಲಿಕೆ ಆಯುಕ್ತರಿಗೆ ಕೊಟ್ಟು, ವಾರ್ಡಿನ ಸದಸ್ಯರಿಗೂ ಒಂದು ಪ್ರತಿ ಮುಟ್ಟಿಸಿ. ಅಡೆತಡೆ ಇಲ್ಲದ ಫುಟ್‌ಪಾತ್ ಸಂವಿಧಾನದ 21ನೇ ವಿಧಿಯಡಿ ನಮ್ಮ ಹಕ್ಕು ಎಂದು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಅದನ್ನೂ ಬರೆಯಿರಿ. ಅರ್ಜಿ ಬಂದಿದ್ದಕ್ಕೆ ಗುರುತಾಗಿ ಕಚೇರಿ ಕೊಡುವ ಆವಕ ಸಂಖ್ಯೆ ಹಾಕಿಸಿಕೊಳ್ಳದೆ ಕಚೇರಿಯಿಂದ ಹೊರಗೆ ಬರಬೇಡಿ. ಮಾರ್ಚ್ ಒಳಗೆ ಪಾಲಿಕೆಯ ಬಜೆಟ್ ಆಗಬೇಕು, ಆದ್ದರಿಂದ ಬಜೆಟ್ ಪೂರ್ವಭಾವಿ ಸಭೆಗೂ ಹೋಗಿ ಮಾತಾಡಿ.

ತಳ್ಳುಗಾಡಿಯವರ ಮೇಲೆ ಮುಗಿಬೀಳಬೇಡಿ. ಅವರಿಗೆ 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ರಕ್ಷಣೆ ಇದೆ. ಬಿಸಿಲಲ್ಲಿ ನಡೆದು ಬಂದವರಿಗೆ ಹಣ್ಣು ಕೊಡುವವರೂ ಅವರೇ ಅಲ್ವಾ? ಅವರಿಗೆ ಜಾಗ ಗುರುತಿಸಿ ಕೊಡಿ ಎಂದು ಅದೇ ಅರ್ಜಿಯಲ್ಲಿ ಕೇಳಿ. ಫುಟ್‌ಪಾತ್ ಮೇಲೆ ನಿಲ್ಲುವ ಕಾರು-ಬೈಕುಗಳ ವಿಷಯದಲ್ಲಿ ಮಾತ್ರ ಮೆತ್ತಗಾಗಬೇಡಿ.

ಉತ್ತರ ಬರದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಆದರೂ ನಡೆಯುತ್ತದೆ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. 30 ದಿನದಲ್ಲಿ ಉತ್ತರ ಕೊಡಲೇಬೇಕು. "ಯಾಕೆ ಮಾಡಿಲ್ಲ" ಎಂದು ಕೇಳಬೇಡಿ. ಆ ರಸ್ತೆಯ ಅಂದಾಜು ಪಟ್ಟಿ, ನಕ್ಷೆ, ಗುತ್ತಿಗೆದಾರರಿಗೆ ಕೊಟ್ಟ ಕಾರ್ಯಾದೇಶದ ಪ್ರತಿ ಕೇಳಿ.

ಕೆಲಸ ಮಂಜೂರಾದರೆ ಇನ್ನೂ ಎಚ್ಚರ ಬೇಕು. ಕೆಲಸ ನಡೆಯುವಾಗಲೇ ಪರಿಶೀಲಿಸುವ ಹಕ್ಕು ಮಾಹಿತಿ ಹಕ್ಕು ಕಾಯ್ದೆಯ ಕಲಂ 2(ಜೆ)ಯಲ್ಲಿದೆ. ನಕ್ಷೆ ಹಿಡಿದು, ಕಾಂಕ್ರೀಟ್ ಬೀಳುವ ಮುಂಚೆ ಹೋಗಿ. ಅಗಲ ಅಳೆಯಿರಿ, ಜಾಲರಿಯ ಸರಳು ಯಾವ ಕಡೆಗಿದೆ ನೋಡಿ. ವ್ಯತ್ಯಾಸ ಕಂಡರೆ ಅವತ್ತೇ ಇಂಜಿನಿಯರಿಗೆ ಬರೆದು ಕೊಡಿ.