ಮೀನು ಬಿಡೋಕೆ ಮುಂಚೆ ಹಳ್ಳ ಸರಿ ಮಾಡಿದ್ವಿ – ನನ್ನ ಅನುಭವ

ಕೆರೇಲಿ ನಾಡಮೀನು ಕಮ್ಮಿ ಆಯ್ತು ಅಂದ ತಕ್ಷಣ ಎಲ್ರೂ ಹೇಳೋದು ಮರಿ ತಂದು ಬಿಡಿ ಅಂತ. ನಾನಿದನ್ನ ಒಪ್ಪಲ್ಲ. ಮೊಟ್ಟೆ ಇಡೋಕೆ ಜಾಗಾನೇ ಇಲ್ಲ ಅಂದ್ರೆ ಬಿಟ್ಟ ಮರಿ ಬೆಳೆದು ಅಲ್ಲಿಗೇ ಸಂತತಿ ಮುಗೀತು. ಅದಕ್ಕೇ ನಾವು ಕೆರೆಗೆ ನೀರು ತರೋ, ಮೀನು ಹತ್ತಿ ಹೋಗಿ ಮೊಟ್ಟೆ ಇಡೋ ಹಳ್ಳದಿಂದ ಶುರು ಮಾಡಿದ್ವಿ.

ಜೋರು ಮಳೇಲಿ ಹಳ್ಳದುದ್ದಕ್ಕೂ ನಡೆದು ಬಗ್ಗಡ ಎಲ್ಲಿಂದ ಸೇರ್ತಿದೆ ಅಂತ ನೋಡಿದ್ವಿ, ಬಿಸಿಲಲ್ಲಿ ಹೋದ್ರೆ ಇದು ಗೊತ್ತಾಗಲ್ಲ. ದನ ಇಳಿಯೋ ಕಡೆ ದಂಡೆ ಕುಸಿದು ನುಣುಪು ಮಣ್ಣು ಜಲ್ಲಿಕಲ್ಲಿನ ಸಂದೀಲೆಲ್ಲ ತುಂಬ್ಕೊಂಡಿತ್ತು, ಅಲ್ಲಿ ನೀರಾಡದೆ ಇದ್ರೆ ಮೊಟ್ಟೆಗೆ ಆಕ್ಸಿಜನ್ ಸಿಗದೆ ಸಾಯ್ತವೆ. ದನಕ್ಕೆ ಬೇರೆ ಕಡೆ ನೀರಿನ ತೊಟ್ಟಿ ಇಟ್ಟು, ಬೇಲಿ ಹಾಕಿ, ದಂಡೇಲಿ ಅಲ್ಲಿಯದೇ ಗಿಡ ಹುಲ್ಲು ಹಾಕಿದ್ವಿ. ಕಲ್ಲಿನ ಗೋಡೆ ಬೇಡ ಅಂದೆ, ಬೇರು ಮಣ್ಣೂ ಹಿಡಿಯತ್ತೆ ನೆರಳೂ ಕೊಡತ್ತೆ. ನೆರಳು ಸಣ್ಣ ವಿಷ್ಯ ಅಲ್ಲ, 20 ಡಿಗ್ರಿ ನೀರಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಕ್ಸಿಜನ್ ಕರಗಿದ್ರೆ 30 ಡಿಗ್ರೀಲಿ ಏಳೂವರೆ ಅಷ್ಟೇ.

ಬೇಗ ಫಲ ಕೊಟ್ಟಿದ್ದು ಮೋರಿ ಕೆಲಸ. ರಸ್ತೆ ಕೆಳಗಿನ ಪೈಪಿನ ಬಾಯಿ ನೀರಿಗಿಂತ ಮೇಲೆ ನೇತಾಡ್ತಿತ್ತು, ಸಣ್ಣ ಮೀನು ಹಾರಿ ಹತ್ತೋಕಾಗಲ್ಲ, ಹತ್ತಿದ್ರೂ ಒಳಗೆ ಸೆಳೆತ ಜಾಸ್ತಿ. ಅದನ್ನ ತೆಗೆಸಿ ಹಳ್ಳದಷ್ಟೇ ಅಗಲದ ಮೋರಿ ಹಾಕ್ಸಿ, ಅದರ ತಳ ಹಳ್ಳದ ತಳಕ್ಕಿಂತ ಕೆಳಗೆ ಹೂತು ಒಳಗೂ ಜಲ್ಲಿ ಹರಡಿದ್ವಿ. ಮೊದಲ ಪ್ರವಾಹಕ್ಕೇ ಮೀನು ಮೇಲೆ ಹೋದ್ವು, ನನಗೆ ಆದ ಖುಷಿ ಹೇಳೋಕಾಗಲ್ಲ! ಅಮೆರಿಕದ ಎಲ್ವಾ ನದೀಲಿ 2011ರಿಂದ 2014ರೊಳಗೆ ಎರಡು ಅಣೆಕಟ್ಟು ಕೆಡವಿದ ಮೇಲೆ ಸಾಲ್ಮನ್ ಮೀನು ಮತ್ತೆ ಮೇಲ್ಗಡೆ ಹೋಗಿದ್ದೂ ಇದೇ ಕಾರಣಕ್ಕೆ, ದಾರಿ ತೆರೀತು.

ನೀರಿಗೆ ಬಿದ್ದ ಮರಾನ ಕಸ ಅಂತ ಎಳೆದು ಹಾಕಬೇಡಿ. ಅದರ ಹಿಂದೆ ಮಡು ಆಗತ್ತೆ, ಮರಿಗಳು ಅಡಗ್ತವೆ, ಹುಳ ಬೆಳೀತವೆ.

ಕೆರೇಲಿ ಮಾಡಿದ್ದು ಕಮ್ಮಿ. ಕಡಿದಾದ ಅಂಚನ್ನ ಇಳಿಜಾರು ಮಾಡಿ ಜೊಂಡು ಬೆಳೆಯೋಕೆ ಬಿಟ್ವಿ, ಕಪ್ಪೆ, ಏರೋಪ್ಲೇನ್ ಚಿಟ್ಟೆ, ನೀರಹಕ್ಕಿ ತಾವಾಗೇ ಬಂದ್ವು. ಹೊರಗಿಂದ ಬಂದ ಗ್ಯಾಂಬೂಸಿಯಾ, ತಿಲಾಪಿಯಾ ಜಾತಿ ಮೀನು ಮಾತ್ರ ಬಲೆ ಹಾಕಿ ಹಿಡೀತಾನೇ ಇರ್ಬೇಕು, ಪೂರ್ತಿ ಹೋಗಲ್ಲ. ಅಕ್ವೇರಿಯಂ ಮೀನು ದಯವಿಟ್ಟು ಕೆರೆಗೆ ಬಿಡಬೇಡಿ.

ಪ್ರತಿ ಸಲ ಅದೇ ಜಾಗ, ಅದೇ ಕಾಲ, ಅದೇ ಬಲೆ ಹಾಕಿ ಯಾವ ಮೀನು ಎಷ್ಟು ಅಂತ ಬರೆದು ವಾಪಸ್ ಬಿಡ್ತೀವಿ. ಹಳ್ಳದ ಮೇಲ್ಗಡೆ ಇನ್ನೊಂದು ಮೋರಿ ಇದೆ, ಮುಂದಿನ ಮಳೆಯೊಳಗೆ ಅದನ್ನೂ ಬದಲಾಯಿಸ್ಬೇಕು.