ನೆರಳು ನಂಬಿ ಎಸೆದ ಚೆಂಡು

ಬಿಡುವಿದ್ದಾಗ ಅಮೆರಿಕನ್ ಫುಟ್‌ಬಾಲ್‌ನ ಸಣ್ಣ ವಿಡಿಯೋ ಗೇಮ್ ಒಂದನ್ನು ಯೂನಿಟಿ ಎಂಬ ಸಾಫ್ಟ್‌ವೇರ್‌ನಲ್ಲಿ ಕಟ್ಟುತ್ತಿದ್ದೇನೆ. ಅದರಲ್ಲಿ ನನ್ನನ್ನು ಜಾಸ್ತಿ ಕಾಡಿದ್ದು ಕ್ವಾರ್ಟರ್‌ಬ್ಯಾಕ್‌ನ, ಅಂದರೆ ತಂಡದ ಪರವಾಗಿ ಚೆಂಡು ಎಸೆಯುವವನ, ಕಣ್ಣು. ಇಂಥ ಗೇಮ್‌ಗಳಲ್ಲಿ ಕ್ಯಾಮೆರಾ ಸಾಮಾನ್ಯವಾಗಿ ಅವನ ಹಿಂದೆ, ಎತ್ತರದಲ್ಲಿರುತ್ತದೆ. ಹಾಗಾಗಿ ಮೈದಾನವೆಲ್ಲ ಒಂದೇ ನೋಟಕ್ಕೆ ಸಿಗುತ್ತದೆ. ಅವನು ನಿಂತ ಜಾಗದಲ್ಲಿ ನಿಂತು ನೋಡಿದರೆ ಹಾಗಿಲ್ಲ. ಮೈದಾನದ ಅಗಲ 160 ಅಡಿ. ಎದುರಿಗೆ ಆರೂಕಾಲು ಅಡಿ ಎತ್ತರದ ದೈತ್ಯರ ಗೋಡೆ. ಎಸೆಯಲು ಸಿಗುವುದು ಎರಡೂವರೆ, ಮೂರು ಸೆಕೆಂಡು.

2005ರಲ್ಲಿ ಬಂದ ಮ್ಯಾಡನ್ ಎನ್‌ಎಫ್‌ಎಲ್ 06 ಎಂಬ ಗೇಮ್ ಇದಕ್ಕೆ ಕೈ ಹಾಕಿತ್ತು. ಕ್ವಾರ್ಟರ್‌ಬ್ಯಾಕ್ ನೋಡುವ ಕಡೆ ಟಾರ್ಚ್ ಬೆಳಕಿನಂಥ ಕೋನ್ ಬೀಳುತ್ತಿತ್ತು. ಅದರಾಚೆ ಎಸೆದರೆ ಗುರಿ ಕೆಡುತ್ತಿತ್ತು. ಪಳಗಿದ ಕ್ವಾರ್ಟರ್‌ಬ್ಯಾಕ್ ಪೇಟನ್ ಮ್ಯಾನಿಂಗ್ ಅವರಿಗೆ ಭಾರಿ ಅಗಲದ ಕೋನ್, ಅನುಭವ ಕಡಿಮೆ ಇದ್ದವರಿಗೆ ಸಣ್ಣ ಸೀಳು. ಆ ಧೈರ್ಯ ನನಗೆ ಇವತ್ತಿಗೂ ಇಷ್ಟ. ನಾನೂ ಮೊದಲು ಅದನ್ನೇ ಮಾಡಿದೆ. ಆದರೆ ಆಡುವಾಗ ಗಮನವೆಲ್ಲ ಟಾರ್ಚ್ ತಿರುಗಿಸುವುದಕ್ಕೇ ಹೋಯಿತು. ಮ್ಯಾನಿಂಗ್ ಅವರ ಕಣ್ಣೇನು ಬೇರೆಯವರದಕ್ಕಿಂತ ಅಗಲವಲ್ಲ, ಅಲ್ವಾ? ಕಂಡಷ್ಟರಿಂದಲೇ ಕಾಣದ್ದನ್ನು ಊಹಿಸುವುದರಲ್ಲಿ ಅವರು ಮುಂದಿದ್ದರು.

ಕೋನ್ ತೆಗೆದೆ. ಕ್ವಾರ್ಟರ್‌ಬ್ಯಾಕ್‌ನ ಕಣ್ಣಿನ ಎತ್ತರದಿಂದ ಪ್ರತಿ ಆಟಗಾರನ ತಲೆಗೊಂದು, ಎದೆಗೊಂದು ರೇಕಾಸ್ಟ್, ಅಂದರೆ ಅಡ್ಡ ಏನಾದರೂ ಇದೆಯಾ ಎಂದು ನೋಡುವ ಕಾಣದ ಗೆರೆ, ಬಿಟ್ಟೆ. ನಡುವೆ ಗೋಡೆಯಾಗಿ ನಿಂತ ಲೈನ್‌ಮನ್‌ನ ಹೆಲ್ಮೆಟ್ಟೋ ಎತ್ತಿದ ಕೈಯೋ ಅಡ್ಡ ಬಂದರೆ ಆ ಆಟಗಾರ ಮರೆ. ಮೊದಲ ದಿನ ಎಲ್ಲರೂ ಮಿಂಚುಹುಳದ ಹಾಗೆ ಮಿನುಗತೊಡಗಿದರು. ಒಂದು ಕೈ ಒಂದೇ ಫ್ರೇಮ್ ಅಡ್ಡ ಬಂದರೂ ಸಾಕಿತ್ತು. ಎರಡೂ ರೇಕಾಸ್ಟ್‌ಗೆ 0.15 ಸೆಕೆಂಡು ತಡೆ ಬಿದ್ದರೆ ಮಾತ್ರ ಮರೆ ಅಂತ ಬದಲಾಯಿಸಿದ ಮೇಲೆ ಸರಿಹೋಯಿತು.

ಮರೆಯಾದವನ ಜಾಗದಲ್ಲಿ ಒಂದು ಮಸುಕು ನೆರಳು ಉಳಿಯುತ್ತದೆ. ಕೊನೆಗೆ ಕಂಡ ದಿಕ್ಕು, ವೇಗದಲ್ಲೇ ಅದು ಓಡುತ್ತದೆ. ಚೆಂಡು ಹಿಡಿಯಬೇಕಾದ ನಮ್ಮ ರಿಸೀವರ್ ಓಡುವ ರೂಟ್ ಮೊದಲೇ ಗೊತ್ತಿರುವುದರಿಂದ ಅವನ ನೆರಳು ಸರಿಯಾದ ಕಡೆಯೇ ತಿರುಗುತ್ತದೆ. ಹಿಂದೆ ನಿಂತು ಕಾಯುವ ಎದುರಾಳಿ ಆಟಗಾರ ಸೇಫ್ಟಿಯ ನೆರಳು ಸುಮ್ನೆ ನೇರ ಹೋಗುತ್ತಿರುತ್ತದೆ. ಅಸಲಿ ಸೇಫ್ಟಿ ಅಷ್ಟರಲ್ಲಿ ತಿರುಗಿರಬಹುದು. ನನ್ನ ಗೇಮ್‌ನ ಇಂಟರ್‌ಸೆಪ್ಷನ್‌ಗಳು, ಅಂದರೆ ಎಸೆದ ಚೆಂಡು ಎದುರಾಳಿಯ ಕೈಸೇರುವುದು, ಹೆಚ್ಚಾಗಿ ಹುಟ್ಟುವುದು ಇಲ್ಲೇ. ಹೊಸ ಹುಡುಗನಿಗೆ ನೆರಳು ಅರ್ಧ ಸೆಕೆಂಡಿಗೇ ಅಳಿಸುತ್ತದೆ. ಪಳಗಿದವನಿಗೆ ಒಂದೂವರೆ ಸೆಕೆಂಡು ಉಳಿಯುತ್ತದೆ.

ನೋಟ ಗುಟ್ಟನ್ನೂ ಬಿಟ್ಟುಕೊಡುತ್ತದೆ. ಒಬ್ಬನನ್ನೇ ನೋಡುತ್ತ ನಿಂತರೆ ಸೇಫ್ಟಿ ಅತ್ತ ಸರಿಯುತ್ತಾನೆ. 2018ರಲ್ಲಿ ರೇವನ್ಸ್ ತಂಡದ ಮೇಲೆ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್ ಮುಖ ಒಂದು ಕಡೆ ಇಟ್ಟು ಇನ್ನೊಂದು ಕಡೆ ಎಸೆದದ್ದು ನೆನಪಿದೆಯಾ? ಮೊನ್ನೆ ನಾನೂ ಎಡಕ್ಕೆ ಕಣ್ಣು ಹಾಯಿಸಿದೆ. ಸೇಫ್ಟಿ ಎರಡು ಹೆಜ್ಜೆ ಸರಿದ. ಬಲಗಡೆಯ ನೆರಳನ್ನು ನಂಬಿ ಎಸೆದೆ. ಚೆಂಡು ಗಾಳಿಯಲ್ಲಿದ್ದಾಗ ರಿಸೀವರ್ ಮರೆಯಿಂದ ಹೊರಬಂದು ಹಿಡಿದ. ಕುರ್ಚಿ ಬಿಟ್ಟು ಎದ್ದೇಬಿಟ್ಟೆ.

ಈಗ ಬೆನ್ನ ಹಿಂದಿನ ಕೆಲಸ ಹಿಡಿದಿದ್ದೇನೆ. ಬಲಗೈಯಲ್ಲಿ ಎಸೆಯುವವನಿಗೆ ಎಡದಿಂದ ನುಗ್ಗುವ ಎದುರಾಳಿ ಕಾಣುವುದಿಲ್ಲ. ಅವನನ್ನು ತೋರಿಸದೆ, ಹೆಜ್ಜೆ ಸದ್ದು ಮಾತ್ರ ಹೆಡ್‌ಫೋನ್‌ನ ಎಡಗಿವಿಯಲ್ಲಿ ಹತ್ತಿರವಾಗುತ್ತ ಬರಬೇಕು.